ಫ್ಯಾನ್ ಹಚ್ಚಬ್ಯಾಡ್ರಿ

ಯಾರ ಮನೆಗೆ ಹೋದರೂ ಹೊಸ್ತಿಲು ದಾಟುತ್ತಲೇ ಮೊದಲು ಮೇಲೆ ನೋಡುವ ಕೆಟ್ಟ ಚಟವೊಂದು ನನಗಿದೆ. ಮನೆಯವರ ಮುಖ ನೋಡಿ ನಗುವುದು, ಆರಾಮ ಇದ್ದೀರಾ ಎಂದು ಕೇಳುವುದು ಎಲ್ಲ ಆಮೇಲೆ. ಮೊದಲು ತೊಲೆ, ಜಂತಿ, ಟ್ಯೂಬ್‌ಲೈಟಿನ ಪಟ್ಟಿ, ಗೋಡೆಗೆ ತೂಗುಹಾಕಿದ ಫೋಟೋಗಳ ಹಿಂಬದಿ, ಕಡೆಗೆ ಫ್ಯಾನು. ಮೊನ್ನೆ ಹಾವೇರಿಯಲ್ಲಿ ಸಂಬಂಧಿಕರ ಹೊಸ ಮನೆಗೆ ಹೋದಾಗಲೂ ಹೀಗೇ ಆಯಿತು. ಆ ಮನೆಯ ಸೊಸೆ ಪಾಪ, ನನ್ನ ಕಣ್ಣು ಹೋದ ಕಡೆಗೆಲ್ಲ ತಾನೂ ನೋಡಿ, "ನಿನ್ನೇನ ಜ್ಯಾಡರ ಬಲಿ ತಗದಿದ್ನಿರಿ ಅತ್ತಿ, ಮತ್ತ ಕಟ್ಟೇತೇನು?" ಎನ್ನುತ್ತ ಕಸಬರಿಗೆ ತರಲು ಓಡಿದಳು. ನಾನು ನೋಡುತ್ತಿದ್ದುದು ಜೇಡರ ಬಲೆಯನ್ನಲ್ಲ, ಗುಬ್ಬಿಯ ಗೂಡನ್ನು ಎಂದು ಹೇಳಿದ್ದರೆ ಅವಳಿಗೆ ಇನ್ನಷ್ಟು ಗಾಬರಿಯಾಗುತ್ತಿತ್ತು. ಸುಮ್ಮನೆ ಕುಳಿತು ಚಹಾ ಕುಡಿದೆ.

ಈ ಚಟ ನನಗೆ ಅಂಟಿದ್ದು ಓದಿನಿಂದ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಲ್ಲಿ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಹಕ್ಕಿ ಎಂದ ಕೂಡಲೇ ಕೇಳುವವರ ಕಣ್ಣಿನಲ್ಲಿ ಕಾಡು, ಹೊಳೆ, ಬಣ್ಣಬಣ್ಣದ ಪುಕ್ಕ ಎಲ್ಲ ಬಂದುಬಿಡುತ್ತದೆ. ನನ್ನ ಹಕ್ಕಿ ಅಂಥದ್ದಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಪೇಟೆಗಳ ಓಣಿಗಳಲ್ಲಿ ಗುಬ್ಬಿಗಳೆಷ್ಟಿವೆ, ಯಾಕೆ ಇವೆ, ಮನೆಗಳು ಬದಲಾದ ಹಾಗೆ ಅವುಗಳ ಗತಿ ಏನಾಗುತ್ತದೆ ಎಂದು ಎಣಿಸುವುದು ನನ್ನ ಕೆಲಸ. ಹಾವೇರಿಯಲ್ಲಿ ಗಣಿತದ ಮಾಸ್ತರರಾಗಿದ್ದ ಅಪ್ಪನಿಗೆ ಇದನ್ನು ಹೇಳಿದ ದಿನ ಅವರು ಬಹಳ ಹೊತ್ತು ಯೋಚಿಸಿ, "ಅಲ್ಲವಾ, ಗುಬ್ಬಿ ಎಣಿಸಿದವರಿಗೆ ಡಾಕ್ಟರ್ ಅಂತಾರಂದ್ರ ಎಮ್ಮಿ ಎಣಿಸಿದವರಿಗೆ ಏನಂತಾರ?" ಎಂದು ಕೇಳಿದರು.

ಅದೇ ಅಪ್ಪ ಮರುದಿನ ಅಗಡಿಯಿಂದ ಸೈಕಲ್ ಮೇಲೆ ಹಾಲು ತರುವವನ ಮುಂದೆ ಎದೆಯುಬ್ಬಿಸಿ ನಿಂತಿದ್ದರು.

"ನಮ್ಮ ಹುಡುಗಿ ರಿಸರ್ಚ್ ಮಾಡಾಕತ್ತಾಳಪಾ."

"ಯಾವುದರ ಮ್ಯಾಲ್ರಿ ಮಾಸ್ತರ?"

"ಹಕ್ಕಿ."

"ಯಾವ ಹಕ್ಕಿರಿ?"

ಅಪ್ಪನ ತಲೆಯ ಮೇಲೆಯೇ, ಬಾಗಿಲಿನ ಮೇಲ್ಕಟ್ಟಿನಲ್ಲಿ, ಎರಡು ಗುಬ್ಬಿಗಳು ಜಗಳವಾಡುತ್ತಿದ್ದವು. "ಅದೊಂದು ಬ್ಯಾರೆ ಜಾತಿ ಸಣ್ಣ ಹಕ್ಕಿ ಐತಿ. ನಿನಗ ಗೊತ್ತಾಗೂದಿಲ್ಲ ಬಿಡು," ಎಂದು ಹಾಲಿನ ಪಾತ್ರೆ ಹಿಡಿದು ಒಳಗೆ ಬಂದರು.

ಹಾಗೆ ನೋಡಿದರೆ ನನಗೆ ಗುಬ್ಬಿಯ ಹುಚ್ಚು ಹಿಡಿಸಿದ್ದೇ ಅಪ್ಪನ ಮನೆ. ನಮ್ಮ ಪಡಸಾಲೆಯಲ್ಲಿ ಮುಂದಕ್ಕೆ ಬಾಗಿದಂತೆ ತೂಗುಹಾಕಿದ ಒಂದು ಕನ್ನಡಿ ಇತ್ತು. ಅದರ ಹಿಂದೆ ಪ್ರತಿ ವರ್ಷ ಗುಬ್ಬಿಯ ಸಂಸಾರ. ಹೆಂಡತಿ ಮಕ್ಕಳು ಕನ್ನಡಿಯ ಹಿಂದೆ, ಗಂಡುಗುಬ್ಬಿಯ ವೈರಿ ಕನ್ನಡಿಯ ಒಳಗೆ. ಬೆಳಗಾದರೆ ಅದು ತನ್ನ ಮುಖದ ಮೇಲೆಯೇ ಹಾರಿ ಹಾರಿ ಕುಕ್ಕುತ್ತಿತ್ತು. ಕೊಕ್ಕು ಮುರಿದುಕೊಂಡೀತೆಂದು ಅವ್ವ ಕನ್ನಡಿಗೆ ಟವೆಲ್ ಹೊದಿಸಿಬಿಡುತ್ತಿದ್ದಳು. ಮರಿಗಳು ಹಾರಿಹೋಗುವವರೆಗೆ ಅದನ್ನು ಯಾರೂ ಸರಿಸುವಂತಿಲ್ಲ. ಹೀಗಾಗಿ ವರ್ಷದ ಕೆಲವು ವಾರ ನಾನು ಅಂದಾಜಿನ ಮೇಲೆ ಬೈತಲೆ ತೆಗೆದು ಶಾಲೆಗೆ ಹೋಗುತ್ತಿದ್ದೆ. ನಮ್ಮ ಅಕ್ಕೋರು, ಎಂದರೆ ಟೀಚರು, ನನ್ನ ಸೊಟ್ಟ ಬೈತಲೆ ನೋಡಿದ ಕೂಡಲೇ, "ಏನವಾ, ನಿಮ್ಮನ್ಯಾಗ ಗುಬ್ಬಿ ಮತ್ತ ತತ್ತಿ ಇಟ್ಟಾವೇನು?" ಎಂದು ಕೇಳುತ್ತಿದ್ದರು. ತತ್ತಿ ಎಂದರೆ ಮೊಟ್ಟೆ. ಅದು ಸಂಶೋಧನೆ ಎಂದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಧಾರವಾಡದ ನನ್ನ ಗುರುಗಳು ಮಾತ್ರ ಸೊಟ್ಟ ಬೈತಲೆಯನ್ನೂ ನಂಬುವವರಲ್ಲ, ನೇರ ಬೈತಲೆಯನ್ನೂ ನಂಬುವವರಲ್ಲ. ಅವರಿಗೆ ಅಂಕಿ ಬೇಕು. ಅವರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ವಿಭಾಗಕ್ಕೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ಅದರ ಕೋಣೆಗೆ ಚಪ್ಪಲಿ ಕಳಚಿ ಹೋಗಬೇಕು, ಒಳಗೆ ಸೀನಬಾರದು, ಕೆಮ್ಮಬಾರದು. ಊರಿನಲ್ಲಿ ಹಂಚಿನ ಮನೆ ಎಷ್ಟು, ಕಾಳುಕಡಿ ಅಂಗಡಿ ಎಷ್ಟು, ಗಿಡ ಎಷ್ಟು, ಬೆಕ್ಕು ಎಷ್ಟು, ಫ್ಯಾನು ಎಷ್ಟು ಎಂದೆಲ್ಲ ಅದಕ್ಕೆ ಊಡಿಸಿದರೆ, ಗುಬ್ಬಿ ಎಷ್ಟಿರಬೇಕು ಎಂದು ಅದು ಹೇಳುತ್ತಿತ್ತು. ಇದಕ್ಕೆ ಮಾದರಿ ಎಂದು ಹೆಸರು. ದೊಡ್ಡ ಮಾತೇನಲ್ಲ; ಇಷ್ಟು ಅಕ್ಕಿಗೆ ಇಷ್ಟು ನೀರು ಹಾಕಿದರೆ ಎಷ್ಟು ಜನ ಉಂಡಾರು ಎಂದು ಅವ್ವ ಪಾತ್ರೆ ನೋಡಿಯೇ ಹೇಳುತ್ತಿದ್ದಳಲ್ಲ, ಅದನ್ನೇ ಈ ಯಂತ್ರ ಅರ್ಧ ದಿನ ತೆಗೆದುಕೊಂಡು ಹೇಳುತ್ತಿತ್ತು.

ಹಾವೇರಿ, ರಾಣೆಬೆನ್ನೂರುಗಳ ಎಣಿಕೆ ಸುಗಮವಾಗಿ ಮುಗಿಯಿತು. ಸುಗಮ ಎಂದರೆ, ಮುಂಜಾನೆ ದುರ್ಬೀನು ಹಿಡಿದು ಓಣಿಯಲ್ಲಿ ನಿಂತರೆ ಹೆಂಗಸರು ಕಿಟಕಿ ಹಾಕಿಕೊಳ್ಳುತ್ತಿದ್ದರು, ಅಷ್ಟೇ. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕುಪ್ಪೇಲೂರಿನ ಬಸ್ಸಿಗೆ ಕಾಯುತ್ತಿದ್ದ ಅಜ್ಜನೊಬ್ಬ ನನ್ನನ್ನು ಒಂದು ತಾಸು ನೋಡಿ, "ತಂಗೀ, ಏನರ ಕಳಕೊಂಡೀಯೇನು?" ಎಂದು ಕಳಕಳಿಯಿಂದ ಕೇಳಿದ. ಗುಬ್ಬಿ ಎಣಿಸುತ್ತಿದ್ದೇನೆ ಎಂದೆ. ಆತ ಬಸ್ಸು ಬರುವವರೆಗೆ ಪಕ್ಕದಲ್ಲೇ ನಿಂತು, ನಾನು ಬಿಟ್ಟ ಎರಡು ಗುಬ್ಬಿಗಳನ್ನು ತೋರಿಸಿ ಹೋದ.

ಮೂರನೆಯ ಊರು ಬ್ಯಾಡಗಿ. ಅಲ್ಲಿ ನಾನು ಇದ್ದದ್ದು ಅಪ್ಪನ ಬಾಲ್ಯದ ಗೆಳೆಯ ಗುರುಬಸಪ್ಪ ಕಾಕಾನ ಮನೆಯಲ್ಲಿ. ಕಾಕಾನದು ಮೆಣಸಿನಕಾಯಿ ದಲಾಲಿ ಅಂಗಡಿ. ಹೆಂಡತಿ ನೀಲವ್ವ ಚಿಗವ್ವ, ಮದುವೆಗೆ ಬಂದ ಮಗಳು ಶೈಲಾ. ಪಡಸಾಲೆಯ ಮಗ್ಗುಲಿನ ಕೋಣೆ ನನಗೆ. ಮಾರ್ಚ್ ತಿಂಗಳ ಬ್ಯಾಡಗಿ ಎಂದರೆ ಊರಿಗೆ ಊರೇ ಕೆಂಪು. ಗಾಡಿಯಲ್ಲಿ ಮೆಣಸಿನಕಾಯಿ, ಅಂಗಳದಲ್ಲಿ ಮೆಣಸಿನಕಾಯಿ, ಉಸಿರಿನಲ್ಲಿ ಮೆಣಸಿನಕಾಯಿ. ಊರಿನವರು ಸೀನುವುದಿಲ್ಲ. ಸೀನಿದವರು ಪರಊರಿನವರೆಂದು ತಿಳಿದು ಜನ ತಾವಾಗಿ ದಾರಿ ಹೇಳಲು ಬರುತ್ತಿದ್ದರು. ನಾನು ಒಂದು ಚೀಲದ ಮೇಲೆ ಕುಳಿತ ಗುಬ್ಬಿಗಳನ್ನು ಏಳರವರೆಗೆ ಎಣಿಸಿರುತ್ತಿದ್ದೆ, ಅಷ್ಟರಲ್ಲಿ ಒಂದು ಸೀನು ಬರುತ್ತಿತ್ತು, ಗುಂಪಿಗೆ ಗುಂಪೇ ಹಾರಿಹೋಗುತ್ತಿತ್ತು. ಮೊದಲಿನಿಂದ ಎಣಿಕೆ. ಮೆಣಸಿನಕಾಯಿ ತೊಟ್ಟು ಬಿಡಿಸಲು ಕುಳಿತ ಹೆಂಗಸರು, "ಗುಬ್ಬಿ ಅಕ್ಕೋರ, ಮೂಗಿಗೆ ಅರಿವಿ ಕಟಗೋರಿ," ಎಂದು ನಗುತ್ತಿದ್ದರು. ಒಂದು ವಾರದಲ್ಲಿ ಇಡೀ ಪೇಟೆಗೆ ನಾನು ಗುಬ್ಬಿ ಅಕ್ಕೋರು ಆದೆ.

ಬ್ಯಾಡಗಿಗೆ ಬಂದ ಮೊದಲ ಮಧ್ಯಾಹ್ನವೇ ಒಂದು ಮಾತು ನಡೆಯಿತು. ಬಿಸಿಲಿನಿಂದ ಬಂದು ಪಡಸಾಲೆಯಲ್ಲಿ ಕುಳಿತವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದೆ. ಮೂಲೆಯಲ್ಲಿ ಮಲಗಿದ್ದ ಕಾಕಾ ಹಾವು ಕಂಡವರಂತೆ ಎದ್ದು ಕುಳಿತು, "ಏ ತಂಗಿ, ತಡೀ!" ಎಂದು ಕೂಗಿದರು.

ನೋಡಿದರೆ, ಫ್ಯಾನಿನ ಕೋಲು ಮೇಲೆ ಕೊಂಡಿಗೆ ಸೇರುವಲ್ಲಿ ಒಂದು ಬಟ್ಟಲಿನಂಥ ಮುಚ್ಚಳ ಇರುತ್ತದಲ್ಲ, ಅದರೊಳಗಿಂದ ಹುಲ್ಲುಕಡ್ಡಿಗಳು ಗಡ್ಡದ ಹಾಗೆ ಇಳಿಬಿದ್ದಿದ್ದವು. ಹೆಣ್ಣುಗುಬ್ಬಿಯೊಂದು ಇನ್ನೊಂದು ಕಡ್ಡಿ ಕಚ್ಚಿಕೊಂಡು ಫ್ಯಾನಿನ ರೆಕ್ಕೆಯ ಮೇಲೆ ಬಂದು ಕುಳಿತು, ನಮ್ಮಿಬ್ಬರನ್ನೂ ನೋಡಿ, ಬಟ್ಟಲಿನೊಳಕ್ಕೆ ನುಗ್ಗಿತು.

ಕಾರಣ ಹೇಳಿದವಳು ಚಿಗವ್ವ, ಅಡುಗೆಮನೆಯಲ್ಲಿ, ದನಿ ತಗ್ಗಿಸಿ. "ಹ್ವಾದ ವರ್ಸ ಅಂಗಡಿಯಿಂದ ಬಂದವರು ಸೆಕಿ ತಡೀದ ಫ್ಯಾನ್ ಹಚ್ಚಿಬಿಟ್ರವಾ. ಗಂಡಗುಬ್ಬಿ ಆಗಷ್ಟ ಹಾರಿ ಬರತಿತ್ತು. ರೆಕ್ಕಿಗಿ ಬಡದು ಇವರ ಊಟದ ಗಂಗಾಳದಾಗ ಬಂದು ಬಿತ್ತು. ಹಿತ್ತಲದಾಗ ಕೈಲೇ ಕುಣಿ ತೋಡಿ ಮುಚ್ಚಿ ಬಂದ್ರು. ಅವತ್ತಿನಿಂದ ಗೂಡು ಕಂಡಿತಂದ್ರ ಫ್ಯಾನ್ ಬಂದ್."

ನಾನು ಅದನ್ನು ಕೇಳಿ ಮರುಗಿದೆ, ಉಂಡೆ, ನನ್ನ ಕೋಣೆಗೆ ಹೋಗಿ ಆ ದಿನದ ಟಿಪ್ಪಣಿ ಬರೆದೆ. ಒಂದು ಗೂಡು, ಕಟ್ಟುವ ಹಂತ, ಎತ್ತರ ಹತ್ತು ಅಡಿ. ಆ ಮನೆಯಲ್ಲಿ ಫ್ಯಾನು ಒಂದು. ಇದಿಷ್ಟೇ. ಸಂಶೋಧಕಿಯ ಜಾಣತನ ನೋಡಿ.

ಒಂದು ತಿಂಗಳಿನ ಎಣಿಕೆ ಹಿಡಿದು ಧಾರವಾಡಕ್ಕೆ ಹೋದೆ. ಯಂತ್ರಕ್ಕೆ ಊಡಿಸಿದೆವು. ಹಾವೇರಿಯ ಲೆಕ್ಕ ಕೂಡಿತು. ರಾಣೆಬೆನ್ನೂರಿನ ಲೆಕ್ಕವೂ ಕೂಡಿತು. ಫ್ಯಾನುಗಳು ಹೆಚ್ಚಾದ ಓಣಿಗಳಲ್ಲಿ ಗುಬ್ಬಿ ಕಡಿಮೆ ಎಂಬುದು ಅಲ್ಲಿ ಸ್ಪಷ್ಟವಾಗಿತ್ತು. ಬ್ಯಾಡಗಿಯದು ಮಾತ್ರ ಹಟ ಹಿಡಿದ ಕೋಣದಂತೆ ಯಂತ್ರ ಎಳೆದ ಗೆರೆಯಿಂದ ಆಚೆ ನಿಂತಿತು. ಅಷ್ಟು ಫ್ಯಾನುಗಳಿರುವ ಪೇಟೆಯಲ್ಲಿ ಇಷ್ಟು ಗುಬ್ಬಿ ಇರಲು ಸಾಧ್ಯವೇ ಇಲ್ಲ ಎಂದಿತು ಯಂತ್ರ.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ನೀ ಎಣಸೂದ್ರಾಗ ತಪ್ಪದ."

"ಇಲ್ರಿ ಸರ್. ಮೂರು ಸಲ ಎಣಿಸೇನಿ."

"ಅದ ತಪ್ಪು. ನೀ ಅಲ್ಲಿ ಸೀನ್ತೀ ಹೌದಲ್ಲೋ? ಸೀನಿದ ಕೂಡ್ಲೆ ಗುಬ್ಬಿ ಹಾರ್ತಾವ, ಮುಂದಿನ ಅಂಗಡ್ಯಾಗ ಕೂಡ್ತಾವ. ನೀ ಅಲ್ಲಿ ಹೋಗಿ ಅವನ್ನ ಮತ್ತ ಎಣಸ್ಲಿಕ್ಕತ್ತೀ. ಒಂದು ಸೀನಿಗೆ ಎಷ್ಟು ಗುಬ್ಬಿ ಹೆಚ್ಚಾಗ್ತಾವ ಅನ್ನೂದನ್ನ ಮೊದಲು ಲೆಕ್ಕಾ ಹಾಕು. ಇಲ್ಲಾಂದ್ರ ಬ್ಯಾಡಗಿ ಬಿಟ್ಟುಬಿಡು."

ಬ್ಯಾಡಗಿ ಬಿಡುವುದೆಂದರೆ ಮೂರರಲ್ಲಿ ಒಂದು ಕಾಲು ಮುರಿದ ಹಾಗೆ. ಮತ್ತೊಂದು ಊರು, ಮತ್ತೊಂದು ವರ್ಷ. ಅಪ್ಪ ಅಷ್ಟರಲ್ಲಿ ಹಾಲಿನವನಿಗೆ ಇನ್ನೆಷ್ಟು ಸುಳ್ಳು ಹೇಳಬೇಕು! ವಾಪಸು ಬರುವಾಗ ಬಸ್ಸಿನಲ್ಲಿ ಅಳು ಬಂದಿತು. ಬ್ಯಾಡಗಿಯಲ್ಲಿ ಇಳಿದ ಮೇಲೆ ಸೀನು ಬಂದದ್ದರಿಂದ ಕಣ್ಣೀರಿಗೆ ಯಾರಿಗೂ ಕಾರಣ ಹೇಳಬೇಕಾಗಲಿಲ್ಲ.

ಮನೆಯಲ್ಲಿ ನೋಡಿದರೆ ಬೇರೆಯೇ ಗದ್ದಲ. ಶೈಲಾಳನ್ನು ನೋಡಲು ರಾಣೆಬೆನ್ನೂರಿನಿಂದ ಮರುದಿನ ಬರುತ್ತಾರೆ. ಹುಡುಗನದು ಬಿತ್ತನೆ ಬೀಜದ ಅಂಗಡಿ. ಒಳ್ಳೆಯ ಮನೆತನ, ಮೂರು ತಿಂಗಳಿನಿಂದ ಕಾಯುತ್ತಿದ್ದ ಸಂಬಂಧ. ಗೂಡಿನಲ್ಲಿ ಆಗ ಮರಿಗಳು, ಕಣ್ಣು ಬಿಟ್ಟು ಎರಡೇ ದಿನ. ತಂದೆತಾಯಿ ಗುಬ್ಬಿಗಳು ಗಳಿಗೆಗೊಮ್ಮೆ ಹುಳ ಹಿಡಿದು ಬರುತ್ತಿದ್ದವು.

"ಬೀಗರು ಬಂದಾಗ ಫ್ಯಾನ್ ಹಚ್ಚಾಕಬೇಕು," ಎಂದಳು ಚಿಗವ್ವ. "ಈ ಧಗ್ಯಾಗ ಅವರನ್ನ ಕುಂದ್ರಿಸಿ ಬೇಯಸ್ತೀರೇನು?"

"ಸ್ವಿಚ್ ಕೆಟ್ಟೈತಿ ಅನ್ನೂಣು," ಎಂದರು ಕಾಕಾ.

"ಮಗಳನ್ನ ಕೊಡೂ ಮನಿಗೆ ಮೊದಲನೇ ದಿನಾನ ಸುಳ್ಳ ಹೇಳ್ತೀರಿ? ಗುಬ್ಬಿಗಿ ಇನ್ನೊಂದ ಮರಿ ಆಕ್ಕಾವ. ನಮ್ಮ ಶೈಲಾಗ ಇಂಥಾ ಮನಿ ಇನ್ನೊಂದ ಸಿಗತೈತೇನು?"

ಕಾಕಾ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನನಗೋ ನಾಲಿಗೆ ತುದಿಗೆ ಬಂದ ಮಾತು ಆಡಲಾಗದ ಸಂಕಟ. ಬೇರೆಯವರ ಮಗಳ ಮದುವೆಗೆ ಅಡ್ಡ ಬರಲು ನಾನು ಯಾರು? ಕಾಕಾ ಕತ್ತಲಾಗುವ ಮುನ್ನ ಹಿಂದಿರುಗಿದರು, ಕಂಕುಳಲ್ಲಿ ಒಂದು ಹೊರೆ ತಾಳೆಗರಿಯ ಬೀಸಣಿಗೆ. ಚಿಗವ್ವ ಅವನ್ನು ನೋಡಿ ನಿಟ್ಟುಸಿರು ಬಿಟ್ಟು, ಒರೆಸಿ ಗೋಡೆಗೆ ಒರಗಿಸಿಟ್ಟಳು.

ಮರುದಿನ ಹನ್ನೊಂದರ ಬಿಸಿಲಿಗೆ ಬಂದರು. ಹುಡುಗ, ಅವನ ಸೋದರಮಾವ, ಮೇಡ್ಲೇರಿಯಿಂದ ಬಂದ ಅವನ ಆಯಿ, ಎಂದರೆ ಅಜ್ಜಿ, ಜೊತೆಗೆ ಇನ್ನಿಬ್ಬರು ಹಿರಿಯರು. ಪಡಸಾಲೆಯಲ್ಲಿ ಚಾಪೆ, ಮೇಲೆ ಜಮಖಾನೆ. ಎಲ್ಲರ ಕೈಗೂ ಒಂದೊಂದು ಬೀಸಣಿಗೆ ಕೊಟ್ಟೆವು. ಬ್ಯಾಡಗಿಯ ಗಾಳಿ ಮೂಗಿಗೇರಿ ಬಂದವರೆಲ್ಲ ಸರದಿಯಂತೆ ಸೀನಿದರು. ನಾನು ಉಪ್ಪಿಟ್ಟು, ಶಿರಾ ಹಂಚಿದೆ. ಶೈಲಾ ತಲೆ ತಗ್ಗಿಸಿ ಬಂದು ಚಹಾದ ತಟ್ಟೆ ಇಟ್ಟು, ಗೋಡೆಯ ಪಕ್ಕ ಕುಳಿತಳು. ಹೆಸರು ಕೇಳಿದ್ದಕ್ಕೆ ಚಿಗವ್ವನೇ ಉತ್ತರ ಕೊಟ್ಟಳು. ಓದು ಕೇಳಿದ್ದಕ್ಕೂ ಚಿಗವ್ವನೇ. ಎಲ್ಲ ಪದ್ಧತಿಯಂತೆ ನಡೆದಿತ್ತು.

ಸೋದರಮಾವ ದೊಡ್ಡ ಆಳು. ಅವರ ಅಂಗಿ ಬೆನ್ನಿಗೆ ಅಂಟಿತ್ತು. ಬೀಸಣಿಗೆ ಕೆಳಗಿಟ್ಟು, ತಲೆ ಎತ್ತಿ, "ಅಲ್ಲೋ ಮಾರಾಯ, ಇಷ್ಟ ದೊಡ್ಡ ಫ್ಯಾನ್ ಐತಿ!" ಎನ್ನುತ್ತ ಎದ್ದರು. ಗುಬ್ಬಿಯೊಂದು ಆಗಷ್ಟೇ ಕಿಟಕಿಯಿಂದ ಒಳಗೆ ಬರುತ್ತಿತ್ತು. ಸ್ವಿಚ್ಚಿನ ಹತ್ತಿರ ಇದ್ದವಳು ನಾನೇ. ಬೇಡ ಎನ್ನಲು ಬಾಯಿ ತೆರೆದೆ. ಆ ಹೊತ್ತಿಗೇ ಸರಿಯಾಗಿ ಸೀನು ಬಂದುಬಿಟ್ಟಿತು. ಒಂದಲ್ಲ, ಸಾಲಾಗಿ ಮೂರು.

"ಫ್ಯಾನ್ ಹಚ್ಚಬ್ಯಾಡ್ರಿ!"

ಕೂಗಿದವಳು ಶೈಲಾ. ಎದ್ದು ನಿಂತಿದ್ದಳು. ಕೈ ಮುಂದೆ ಚಾಚಿದ್ದಳು. ಸೆರಗು ಜಾರಿ ಹೆಗಲಿಗೆ ಬಂದಿತ್ತು. ಬಂದವರು ಅವಳ ಬಾಯಿಂದ ಕೇಳಿದ ಮೊದಲ ಮಾತು ಅದು.

ಪಡಸಾಲೆ ತಣ್ಣಗಾಯಿತು, ಫ್ಯಾನಿಲ್ಲದೆಯೇ. ಸೋದರಮಾವ ಚಾಚಿದ ಕೈಯನ್ನು ಹಿಂದೆಗೆದುಕೊಂಡರು. "ಯಾಕವಾ? ಬೀಗರು ಬಂದ್ರ ಗಾಳಿ ಬಿಡೂ ಪದ್ಧತಿ ಇಲ್ಲೇನು ಈ ಮನ್ಯಾಗ?"

ಚಿಗವ್ವನ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಫ್ಯಾನಿನ ಬಟ್ಟಲಿನೊಳಗಿಂದ ಚೀ ಚೀ ಎಂದು ಸಣ್ಣ ಗದ್ದಲ ಕೇಳಿಸಿತು. ಎಲ್ಲರ ತಲೆಯೂ ಒಟ್ಟಿಗೆ ಮೇಲೆ ಹೋಯಿತು.

ಮೇಡ್ಲೇರಿ ಆಯಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಏನೈತಬೇ ಅಲ್ಲಿ?"

"ಗುಬ್ಬಿ ಮರಿ ಮಾಡೇತ್ರಿ ಆಯಿ," ಎಂದಳು ಶೈಲಾ. "ಫ್ಯಾನ್ ಹಚ್ಚಿದ್ರ ತಾಯಿ ಬಡದು ಸಾಯತೈತ್ರಿ. ಹ್ವಾದ ವರ್ಸ ಒಂದು ಸತ್ತೈತಿ. ನೀವು ಸಿಟ್ಟ ಮಾಡಿದ್ರೂ ಅಡ್ಡಿ ಇಲ್ರಿ."

ಆಯಿ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಮಗನ ಕಡೆ, ಎಂದರೆ ಆ ಸೋದರಮಾವನ ಕಡೆ, ತಿರುಗಿದಳು. "ಬಾಣಂತಿ ಇದ್ದ ಮನ್ಯಾಗ ಯಾರರ ಗಾಳಿ ಹಾಕ್ತಾರೇನಲೇ? ನಿನ್ನ ಹಡದಾಗ ನಾ ತಿಂಗಳಾನುಗಟ್ಲೆ ಕಿಡಕಿ ಮುಚಗೊಂಡ ಕುಂತಿದ್ನಿ. ಬಾಣಂತಿ ಒಳಗಿದ್ರ ಗಂಡಸೂರು ಎಲ್ಲಿ ಕುಂದ್ರಬೇಕು?"

"ಹೊರಗ," ಎಂದರು ಆ ದೊಡ್ಡ ಆಳು, ಚಿಕ್ಕ ದನಿಯಲ್ಲಿ.

"ಹಂಗಾರ ಏಳ್ರಿ. ನಡೀರಿ ಹೊರಗ. ಬೇವಿನ ಗಿಡದ ಕೆಳಗ ಕಟ್ಟಿ ಐತಿ, ಗಾಳಿ ಐತಿ. ಚಾ ಅಲ್ಲೇ ತಗೊಂಬರ್ರಿ."

ಎಲ್ಲರೂ ತಟ್ಟೆ ಬಟ್ಟಲು ಹಿಡಿದುಕೊಂಡು ಸಾಲಾಗಿ ಹೊರನಡೆದರು. ಕೊನೆಯಲ್ಲಿ ಹುಡುಗ. ಬಾಗಿಲ ತನಕ ಹೋದವನು ನಿಂತ. ಮೇಲೆ ನೋಡಿ, "ಎಷ್ಟು ಅದಾವ?" ಎಂದು ಕೇಳಿದ. "ಮೂರು," ಎಂದಳು ಶೈಲಾ. ಅವರಿಬ್ಬರ ನಡುವೆ ಅಂದು ನಡೆದ ಮಾತು ಇಷ್ಟೇ. ಪಾತ್ರೆ ಎತ್ತುವ ನೆಪದಲ್ಲಿ ನಾನು ಅಲ್ಲೇ ಇದ್ದೆನಾದ್ದರಿಂದ ಖಚಿತವಾಗಿ ಹೇಳಬಲ್ಲೆ.

ನಾಲ್ಕು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಐದನೆಯ ದಿನ ರಾಣೆಬೆನ್ನೂರಿನಿಂದ ಕಾರ್ಡು ಬಂದಿತು. ಬರೆದವನು ಹುಡುಗ, ಬರೆಸಿದವಳು ಆಯಿ. ಕಾಕಾ ಅದನ್ನು ಗಟ್ಟಿಯಾಗಿ ಓದಿದರು: "ಹುಡುಗಿ ನಮಗ ಒಪ್ಪಿಗಿ ಐತಿ. ಕೂಸಿಗಿ ಬಾಯಿ ಐತಿ, ಕಳ್ಳು ಐತಿ. ಮರಿ ಹಾರಿದ ಮ್ಯಾಲ ತಿಳಸ್ರಿ, ನಿಶ್ಚಯಕ್ಕ ಬರತೀವಿ. ಅವತ್ತ ಫ್ಯಾನ್ ಬೇಕು." ಕಳ್ಳು ಎಂದರೆ ಕರುಳು. ಚಿಗವ್ವ ಕಾರ್ಡನ್ನು ಕಣ್ಣಿಗೊತ್ತಿಕೊಂಡು, ನಗುತ್ತ ಅಳುತ್ತ, ಮೇಲಿನ ಬಟ್ಟಲಿಗೂ ಒಮ್ಮೆ ಕೈ ಮುಗಿದಳು.

ನನಗೆ ಬುದ್ಧಿ ಬಂದದ್ದು ಆ ಗಳಿಗೆಯಲ್ಲಿ. ಚಿಗವ್ವ ಮೇಲಕ್ಕೆ ಕೈಮುಗಿದಾಗ, ನಾನೂ ಅಲ್ಲಿ ನೇತಾಡುವ ಆ ನಿಂತ ಫ್ಯಾನನ್ನು ನೋಡಿದೆ. ನನ್ನ ವಹಿಯಲ್ಲಿ ಈ ಮನೆಗೆ ಫ್ಯಾನು ಒಂದು ಎಂದು ಬರೆದಿದ್ದೆ. ಒಂದು ತಿಂಗಳಿಗೂ ಹೆಚ್ಚು ಕಾಲ ಅದರ ಕೆಳಗೆ ಬೆವರಿ ತೊಪ್ಪೆಯಾಗಿ ಕುಳಿತಿದ್ದೆ. ಆದರೂ ಅದು ತಿರುಗುತ್ತದೆಯೋ ಇಲ್ಲವೋ ಎಂದು ಬರೆದುಕೊಳ್ಳಬೇಕೆಂದು ಹೊಳೆದಿರಲಿಲ್ಲ! ಊರಿನ ಕಿಟಕಿಗಳಲ್ಲಿ ಇಣುಕಿ ಫ್ಯಾನುಗಳನ್ನು ಎಣಿಸಿದ್ದೆ, ಮನೆಯವರನ್ನು ಒಂದು ಮಾತು ಕೇಳಿರಲಿಲ್ಲ.

ಮರುದಿನದಿಂದ ಮನೆ ಮನೆಗೆ ಹೊರಟೆ. "ನಿಮ್ಮ ಫ್ಯಾನ್ ಯಾವಾಗ ಹಚ್ತೀರಿ, ಯಾವಾಗ ಬಂದ್ ಮಾಡ್ತೀರಿ?" ಕೈಯಲ್ಲಿ ವಹಿ, ಪೆನ್ನು. ಮೊದಲ ಓಣಿಯಲ್ಲೇ ಸುದ್ದಿ ನನಗಿಂತ ಮುಂದೆ ಓಡಿತು, ಗುಬ್ಬಿ ಅಕ್ಕೋರು ವಿದ್ಯುತ್ ಇಲಾಖೆಗೆ ಸೇರಿದ್ದಾರೆಂದು. ಒಬ್ಬ ಹೆಣ್ಣುಮಗಳು ಬಾಗಿಲಲ್ಲೇ ತಡೆದು, "ನಮ್ಮಲ್ಲೆ ಫ್ಯಾನ ಇಲ್ರಿ," ಎಂದಳು. ಅವಳ ಹಿಂದೆ ಫ್ಯಾನು ಕಾಣುತ್ತಿತ್ತು. ಅದು ನಿಂತಿತ್ತು. ಅದರ ಮೇಲೆ ಗುಬ್ಬಿ ಕುಳಿತಿತ್ತು. "ಇದು?" ಎಂದೆ. ಅವಳು ತಿರುಗಿ ನೋಡಿ, ಇನ್ನು ಮುಚ್ಚಿಡಲಾಗದೆಂದು, "ಅದು ಫ್ಯಾನ ಅಲ್ಲಬಿಡ್ರಿ, ಗುಬ್ಬೀದು," ಎಂದಳು.

ಗುಬ್ಬೀದು! ಆ ಓಣಿ ಈ ಓಣಿ ಎನ್ನದೆ ಅದೇ ಕಥೆ. ಒಬ್ಬರು ಟೇಬಲ್ ಫ್ಯಾನ್ ತಂದಿದ್ದರು, ಒಬ್ಬರು ಅಂಗಳದಲ್ಲಿ ಮಲಗುತ್ತಿದ್ದರು. ಒಬ್ಬ ಮುದುಕ ಹಗಲೆಲ್ಲ ಎದುರು ಮನೆಯ ಕಟ್ಟೆಯ ಮೇಲೆ ಕುಳಿತು ತನ್ನ ಮನೆಯ ಫ್ಯಾನು ಯಾರೂ ಹಚ್ಚದಂತೆ ಕಾಯುತ್ತಿದ್ದ. ಇವರಾರೂ ಇದನ್ನು ದೊಡ್ಡ ಕೆಲಸವೆಂದು ತಿಳಿದಿರಲಿಲ್ಲ; ಹೇಳಲು ನಾಚುತ್ತಿದ್ದರು. ಎಲ್ಲ ಫ್ಯಾನುಗಳೂ ನಿಂತಿರಲಿಲ್ಲ, ನಿಜ. ಆದರೆ ನಿಂತವುಗಳನ್ನು ಬೇರೆ ಸಾಲಿನಲ್ಲಿ ಬರೆದು ಯಂತ್ರಕ್ಕೆ ಊಡಿಸಿದಾಗ ಬ್ಯಾಡಗಿಯ ಕೋಣ ಮೆಲ್ಲಗೆ ಗೆರೆಯ ಹತ್ತಿರ ಬಂದು ನಿಂತಿತು.

ಸರ್ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಬೇಸಿಗ್ಯಾಗ ಮಂದಿ ಫ್ಯಾನ್ ಬಂದ್ ಮಾಡ್ತಾರಂದ್ರ ನಾ ನಂಬೂದಿಲ್ಲ. ನಾನ ಬಂದು ನೋಡ್ತೇನಿ."

ಅಷ್ಟರಲ್ಲಿ ಮರಿಗಳು ಹಾರಿಹೋಗಿ, ಶೈಲಾಳ ನಿಶ್ಚಯ ಗಾಳಿ ಬಿಟ್ಟುಕೊಂಡು ಸಾಂಗವಾಗಿ ನಡೆದಿತ್ತು. ಅಂದು ಸೋದರಮಾವ ಫ್ಯಾನಿನ ನೇರ ಕೆಳಗೆ ಕುಳಿತು ಊಟಕ್ಕೂ ಏಳಲಿಲ್ಲ. ಬೀಗರು ಹೋದ ಮೂರನೆಯ ದಿನಕ್ಕೆ ಅದೇ ಹೆಣ್ಣುಗುಬ್ಬಿ ಕಡ್ಡಿ ಕಚ್ಚಿಕೊಂಡು ರೆಕ್ಕೆಯ ಸುತ್ತ ಸುಳಿಯತೊಡಗಿತು. ಕಾಕಾ ಎದ್ದು ಸ್ವಿಚ್ಚು ಆರಿಸಿದರು. ಶೈಲಾ ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಮುಂಬಾಗಿಲಿಗೆ ಅಂಟಿಸಿದಳು: "ಒಳಗ ಬಾಣಂತಿ ಅದಾಳ. ಫ್ಯಾನ್ ಕೇಳಬ್ಯಾಡ್ರಿ."

ಸರ್ ಬಂದದ್ದು ಮೇ ಕೊನೆಯ ವಾರ, ಮಿರಗದ, ಎಂದರೆ ಮೃಗಶಿರಾ, ಮಳೆಗೆ ಇನ್ನೂ ದಿನಗಳಿದ್ದವು, ಊರು ಕಾದ ಹೆಂಚು. ನಾನು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಅವರು ಬೇರೆ ಬಸ್ಸಿಗೆ ಬಂದು, ವಿಳಾಸ ಕೇಳಿಕೊಂಡು ನೇರ ಮನೆಗೇ ಹೋಗಿಬಿಟ್ಟಿದ್ದರು. ನಾನು ಓಡಿ ಬಂದು ನೋಡಿದರೆ, ಅವರು ಕಟ್ಟೆಯ ಮೇಲೆ ಬೆವರು ಸುರಿಸುತ್ತ ಕುಳಿತಿದ್ದಾರೆ. ಬೂಟು ಕಳಚಿ ದೂರ ಇಟ್ಟಿದ್ದಾರೆ. ಚಿಗವ್ವ ನೀರಿನ ತಂಬಿಗೆ ಹಿಡಿದು ಒಳಗೆ ಬನ್ನಿರೆಂದು ಬೇಡಿಕೊಳ್ಳುತ್ತಿದ್ದಾಳೆ.

"ಬ್ಯಾಡ್ರಿ, ಬ್ಯಾಡ್ರಿ," ಸರ್ ಪಿಸುಗುಟ್ಟುತ್ತಿದ್ದರು. "ಇಲ್ಲೇ ಛೊಲೋ ಅದ. ಬಾಣಂತಿ ಮಲಗಿರಬೇಕು. ಹೆಣ್ಣೋ, ಗಂಡೋ?"

"ಇನ್ನೂ ಗೊತ್ತಾಗಿಲ್ರಿ ಸರ," ಎಂದಳು ಚಿಗವ್ವ, ಪ್ರಾಮಾಣಿಕವಾಗಿ.

ಸರ್ ಕನ್ನಡಕ ತೆಗೆದರು. "ಗೊತ್ತಾಗಿಲ್ಲ? ಎಷ್ಟು ದಿವಸಾತು?"

"ಇವತ್ತಿಗಿ ಹದಿನಾಕ ದಿನ ಆತ್ರಿ."

"ಹದಿನಾಲ್ಕು ದಿವಸಾದ್ರೂ ಗೊತ್ತಾಗಿಲ್ಲ?"

"ನಾಕು ಅದಾವಲ್ರಿ ಸರ. ಎಲ್ಲಾ ಒಂದ ನಮೂನಿ ಕಾಣತಾವ."

ಸರ್ ಅವರ ಮುಖದಲ್ಲಿ ಆ ಕ್ಷಣ ಮೂಡಿದ ಭಾವ ಯಾವ ಮಾದರಿಗೂ ಸಿಕ್ಕುವಂಥದ್ದಲ್ಲ. ನಾನು ನಗು ತಡೆದುಕೊಂಡು, ವಿಷಯ ಹೇಳಿ, ಅವರನ್ನು ಒಳಗೆ ಕರೆದುಕೊಂಡು ಹೋದೆ. ಅವರು ನಗಲಿಲ್ಲ. ಪಡಸಾಲೆಯ ನಡುವೆ ನಿಂತು ಆ ಹುಲ್ಲಿನ ಗಡ್ಡವನ್ನೂ, ಸ್ವಿಚ್ಚನ್ನೂ, ಒದ್ದೆ ಅಂಗಿಯಲ್ಲಿ ಕುಳಿತ ಕಾಕಾನನ್ನೂ ನೋಡಿದರು. "ಎಷ್ಟು ದಿವಸದಿಂದ ಬಂದ್ ಅದರಿ ಇದು?" ಎಂದು ಕೇಳಿದರು. ಕಾಕಾ, "ಲೆಕ್ಕ ಇಟ್ಟಿಲ್ರಿ," ಎಂದರು. ಸರ್ ಗೋಡೆಗೊರಗಿ ಚಾಪೆಯ ಮೇಲೆ ಕುಳಿತು, ವಹಿ ತೆರೆದು, ಗುಬ್ಬಿ ಬಂದು ಹೋಗುವುದನ್ನು ಬರೆದುಕೊಳ್ಳತೊಡಗಿದರು.

ಒಂದು ತಾಸು ಕಳೆದಿರಬೇಕು. ಬಟ್ಟಲಿನ ಅಂಚಿನಲ್ಲಿ ನಾಲ್ಕು ಹಳದಿ ಬಾಯಿಗಳು ನೂಕುನುಗ್ಗಲು ಮಾಡುತ್ತಿದ್ದವು. ಅದರಲ್ಲೊಂದು ಮರಿ ಅಂಚಿಗೆ ಬಂದು, ಹಿಂದೆ ಸರಿದು, ಮತ್ತೆ ಬಂದು, ರೆಕ್ಕೆ ಬಿಚ್ಚಿತು. ಹಾರಿತೆನ್ನುವುದಕ್ಕಿಂತ ಬಿದ್ದಿತೆನ್ನಬೇಕು. ಗಾಳಿಯಲ್ಲಿ ಎರಡು ಸಲ ಪಟಪಟಿಸಿ, ಗೋಡೆಯ ಕಡೆ ತೇಲಿ, ನೇರವಾಗಿ ಸರ್ ಅವರ ಮೊಣಕಾಲಿನ ಮೇಲೆ ಬಂದು ಕುಳಿತಿತು. ಅಷ್ಟು ಸಣ್ಣದು, ಬಾಲವೇ ಇರಲಿಲ್ಲ. ಎದೆ ಢವಢವ ಬಡಿದುಕೊಳ್ಳುವುದು ದೂರಕ್ಕೇ ಕಾಣುತ್ತಿತ್ತು.

ಸರ್ ಪೆನ್ನು ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದರು. ಹಕ್ಕಿಗಳ ಮೇಲೆ ಅಷ್ಟೆಲ್ಲ ಬರೆದವರು, ಅಷ್ಟು ಮಂದಿಗೆ ಪಾಠ ಹೇಳಿದವರು, ತುಟಿ ಅಲುಗಾಡಿಸದೆ ಕೇಳಿದರು: "ಈಗ ನಾ ಏನು ಮಾಡಬೇಕ್ರೀ?"

ಕಾಕಾ ಕುಳಿತಲ್ಲಿಂದ ಏಳಲಿಲ್ಲ.

"ಏನೂ ಮಾಡಬ್ಯಾಡ್ರಿ ಸರ. ಸುಮ್ನ ಕುಂದರ್ರಿ. ನಾವೂ ಅಷ್ಟ ಮಾಡೇವಿ."